ಅರ್ಧ ಕಮಾನು ನಿಲ್ಲುವುದಿಲ್ಲ, ಊರು ಕಾಯುವುದಿಲ್ಲ

(ಹಳೆ ಸೇತುವೆಯ ಜಾಗದಲ್ಲಿ ಹೊಸ ಕಮಾನು ಸೇತುವೆ ಕಟ್ಟುವ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸೇತುವೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಖಾಲಿ ನದಿ, ಎರಡು ದಡ, ನಡುವೆ ಹೊಸದಾಗಿ ಏಳುವ ಕಂಬಗಳು. ದೊಡ್ಡ ನಗರಗಳಲ್ಲಿ ಆ ಭಾಗ್ಯ ಎಂಜಿನಿಯರಿಗೆ ಅಪರೂಪಕ್ಕೆ ಸಿಗುತ್ತದೆ. ಅಲ್ಲಿ ಮೊದಲೇ ಒಂದು ಸೇತುವೆ ಇರುತ್ತದೆ. ಅದರ ಮೇಲೆ ದಿನಾ ಸಾವಿರಾರು ವಾಹನ ಓಡುತ್ತಿರುತ್ತವೆ. ಕೆಳಗೆ ರೈಲು ಹಳಿ, ನೀರಿನ ಪೈಪು, ಕರೆಂಟಿನ ಕೇಬಲ್. ಅಕ್ಕಪಕ್ಕ ಮನೆ, ಗೋದಾಮು. ಇಷ್ಟರ ನಡುವೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬೇಕು. ಇವತ್ತಿನ ಮಾತು ಆ ಕೆಲಸದ ಬಗ್ಗೆ. ಅದರಲ್ಲೂ ಕಮಾನು ಸೇತುವೆ, ಯಾಕೆಂದರೆ ಈ ತಾಪತ್ರಯ ಅತಿ ಜಾಸ್ತಿ ಕಾಣಿಸುವುದು ಕಮಾನಿನಲ್ಲೇ.

ಕಮಾನಿನ ಎರಡು ಗುಣ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಮಾತೆಲ್ಲ ಇವೆರಡರ ಸುತ್ತಲೇ ತಿರುಗುತ್ತದೆ.

ಒಂದು, ಕಮಾನು ತಳ್ಳುತ್ತದೆ. ಮೇಲೆ ಬಿದ್ದ ಭಾರವನ್ನು ಅದು ಸೀದಾ ಕೆಳಗೆ ಇಳಿಸುವುದಿಲ್ಲ, ಎರಡೂ ಕಾಲನ್ನು ಹೊರಕ್ಕೆ ಒದೆಯುತ್ತದೆ. ಎಷ್ಟು ಒದೆಯುತ್ತದೆ ಅನ್ನುವುದಕ್ಕೆ ಸಣ್ಣ ಲೆಕ್ಕ ಇದೆ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ 100 ಮೀಟರ್ ಅಗಲದ, 20 ಮೀಟರ್ ಎತ್ತರದ ಕಮಾನು ಅಂದುಕೊಳ್ಳಿ. ಪ್ರತಿ ಮೀಟರಿಗೆ 10 ಟನ್ ಭಾರ. ಅಗಲವನ್ನು ಅಗಲದಿಂದಲೇ ಗುಣಿಸಿ, ಭಾರದಿಂದ ಗುಣಿಸಿ, ಎತ್ತರದ ಎಂಟು ಪಟ್ಟಿನಿಂದ ಭಾಗಿಸಿ. 625 ಟನ್ ಬರುತ್ತದೆ. ಪ್ರತಿ ಬದಿಯಲ್ಲೂ ಇಷ್ಟು ಅಡ್ಡ ಒತ್ತಡವನ್ನು ಯಾರಾದರೂ ತಡೆದು ಹಿಡಿಯಬೇಕು. ಈಗ ವಿನ್ಯಾಸಕಾರ ಬಂದು, ಕಮಾನು ಚಪ್ಪಟೆಯಾಗಿದ್ದರೆ ಚೆಂದ, ಎತ್ತರ 10 ಮೀಟರ್ ಸಾಕು ಅನ್ನುತ್ತಾನೆ. ಒತ್ತಡ 1,250 ಟನ್ನಿಗೆ ಏರುತ್ತದೆ. ಎತ್ತರ ಅರ್ಧ ಮಾಡಿದರೆ ಒದೆತ ದುಪ್ಪಟ್ಟು. ಚೆಂದಕ್ಕೆ ತೆರುವ ಬೆಲೆ ಅದು.

ಎರಡು, ಅರ್ಧ ಕಮಾನು ಕಮಾನೇ ಅಲ್ಲ. ಎರಡೂ ಕಡೆಯಿಂದ ಬಂದು ನಡುವೆ ಸೇರುವ ತನಕ ಅದಕ್ಕೆ ತನ್ನ ಬಲ ಅಂತ ಒಂದಿಲ್ಲ. ಅಲ್ಲಿಯವರೆಗೆ ಅದನ್ನು ಸೆಂಟ್ರಿಂಗ್ ಹೊರಬೇಕು, ಇಲ್ಲವೇ ಹಿಂದಿನಿಂದ ಹಗ್ಗ ಕಟ್ಟಿ ಎಳೆದು ಹಿಡಿಯಬೇಕು. ಸಿಡ್ನಿ ಹಾರ್ಬರ್ ಸೇತುವೆ ಕಟ್ಟುವಾಗ ಎರಡನೆಯ ದಾರಿ ಹಿಡಿದರು. ಒಂದೊಂದು ಅರ್ಧವನ್ನೂ 128 ಕೇಬಲ್‌ಗಳಿಂದ ದಡದ ಬಂಡೆಗೆ ಬಿಗಿದು, 1930ರಲ್ಲಿ ನಡುವೆ ಕೂಡಿಸಿದರು. ಅಲ್ಲಿ ಬಂಡೆ ಇತ್ತು, ಜಾಗವೂ ಇತ್ತು. ಕಿಕ್ಕಿರಿದ ಊರಲ್ಲಿ ಎರಡೂ ಸಿಗುವುದು ಕಷ್ಟ.

ಇನ್ನು ಊರಿನ ಗುಣ ನಿಮಗೇ ಗೊತ್ತು. ಯಾರನ್ನೂ ತಳ್ಳುವ ಹಾಗಿಲ್ಲ, ಎಲ್ಲೂ ಕಂಬ ನೆಡುವ ಹಾಗಿಲ್ಲ, ರಸ್ತೆ ಮುಚ್ಚುವ ಹಾಗಂತೂ ಇಲ್ಲವೇ ಇಲ್ಲ. ಕಮಾನಿನ ಹಟ ಒಂದು ಕಡೆ, ಊರಿನ ಹಟ ಇನ್ನೊಂದು ಕಡೆ. ಮೂರು ನಗರಗಳು ಈ ಜಗಳವನ್ನು ಮೂರು ರೀತಿ ಬಗೆಹರಿಸಿದವು. ಮೂರೂ ಅಮೆರಿಕದವು: ಲಾಸ್ ಏಂಜಲೀಸ್, ಪೋರ್ಟ್‌ಲ್ಯಾಂಡ್, ಫೋರ್ಟ್ ವರ್ತ್.

ಲಾಸ್ ಏಂಜಲೀಸಿನ ಸಿಕ್ಸ್ತ್ ಸ್ಟ್ರೀಟ್ ಸೇತುವೆಯಿಂದ ಶುರು ಮಾಡೋಣ. ಹಳೆಯದು 1932ರದ್ದು. ಊರಿನ ಹೃದಯಭಾಗವನ್ನು ನದಿಯಾಚೆಯ ಬಾಯ್ಲ್ ಹೈಟ್ಸ್‌ಗೆ ಸೇರಿಸುತ್ತಿತ್ತು. ಉದ್ದ ಸುಮಾರು 3,500 ಅಡಿ, ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನದಿಯ ಮೇಲೆ ಜೋಡಿ ಉಕ್ಕಿನ ಕಮಾನು, ಉಳಿದದ್ದೆಲ್ಲ ಕಾಂಕ್ರೀಟು. ಕಾಂಕ್ರೀಟನ್ನು ಅಲ್ಲೇ ಒಂದು ಪ್ಲಾಂಟ್ ಹಾಕಿ ಕಲಸಿದ್ದರು. ನೋಡುವುದಕ್ಕೆ ಗಟ್ಟಿಮುಟ್ಟು. ಆದರೆ ಸುಮಾರು 20 ವರ್ಷ ಕಳೆಯುವುದರೊಳಗೆ ಬಿರುಕು ಬಿಡತೊಡಗಿತು. ಭಾರ ಹೆಚ್ಚಾಗಿ ಬಿದ್ದ ಬಿರುಕಲ್ಲ. ನಕ್ಷೆಯಲ್ಲಿ ಗಡಿಗೆರೆ ಹರಡಿದ ಹಾಗೆ ಮೈತುಂಬ ಬಿರುಕು.

ಅಲ್ಲಿ ಆದದ್ದು ಆಲ್ಕಲಿ–ಸಿಲಿಕಾ ಕ್ರಿಯೆ. ಸಿಮೆಂಟಿನಲ್ಲಿ ಕ್ಷಾರ ಇರುತ್ತದೆ. ಕೆಲವು ಜಾತಿಯ ಮರಳು, ಜಲ್ಲಿಯಲ್ಲಿ ಕ್ಷಾರಕ್ಕೆ ಕರಗುವಂಥ ಸಿಲಿಕಾ ಇರುತ್ತದೆ. ಎರಡೂ ಸೇರಿದರೆ ಅಂಟಿನಂಥ ಒಂದು ಜೆಲ್ ಹುಟ್ಟುತ್ತದೆ. ಅದು ನೀರು ಕುಡಿದು ಊದುತ್ತದೆ. ಗಟ್ಟಿಯಾದ ಕಾಂಕ್ರೀಟಿನ ಒಳಗೆ ಊದುವುದಕ್ಕೆ ಜಾಗ ಎಲ್ಲಿದೆ? ಸೀಳುತ್ತದೆ. ಸೀಳಿನಲ್ಲಿ ಇನ್ನಷ್ಟು ನೀರು ಇಳಿಯುತ್ತದೆ, ಇನ್ನಷ್ಟು ಜೆಲ್ ಊದುತ್ತದೆ. ಮೇಲಿಂದ ಬಳಿದರೆ, ಬಿರುಕಿಗೆ ತುಂಬಿದರೆ ನಿಧಾನವಾಗಬಹುದು ಅಷ್ಟೇ, ನಿಲ್ಲುವುದಿಲ್ಲ. ರೋಗ ಜಲ್ಲಿಯಲ್ಲೇ ಇದೆಯಲ್ಲ.

ಆಗಿನವರು ಜಲ್ಲಿ ನೋಡಿಕೊಂಡು ಹಾಕಬಾರದಿತ್ತೇ ಅಂತ ಕೇಳಬಹುದು. ಈ ಕ್ರಿಯೆಯನ್ನು ಮೊದಲು ಗುರುತಿಸಿ ಬರೆದವರು ಥಾಮಸ್ ಸ್ಟಾಂಟನ್, ಅದೇ ಕ್ಯಾಲಿಫೋರ್ನಿಯಾದ ಹೆದ್ದಾರಿ ವಿಭಾಗದ ಎಂಜಿನಿಯರ್. ವರ್ಷ 1940. ಸೇತುವೆ ಮುಗಿದು ಎಂಟು ವರ್ಷ ಆಗಿತ್ತು. ಕಟ್ಟಿದವರನ್ನು ಬೈದು ಪ್ರಯೋಜನವಿಲ್ಲ, ಅವರ ಕಾಲದ ಪುಸ್ತಕದಲ್ಲಿ ಈ ಕಾಯಿಲೆಗೆ ಹೆಸರೇ ಇರಲಿಲ್ಲ. ಇವತ್ತು ಹೊಸ ಸೇತುವೆಗೆ ಜಲ್ಲಿ ಆರಿಸುವಾಗ ಮೊದಲು ಈ ಪರೀಕ್ಷೆ ಮಾಡುತ್ತಾರೆ, ಈ ಕ್ರಿಯೆ ತಡೆಯಲು ಸಿಮೆಂಟಿನ ಜೊತೆ ಹಾರುಬೂದಿ, ಅಂದರೆ ಕಲ್ಲಿದ್ದಲು ಉರಿದ ನಯವಾದ ಬೂದಿ, ಬೆರೆಸುತ್ತಾರೆ.

ಕೊನೆಗೆ ಲೆಕ್ಕ ಹಾಕಿದವರು, 50 ವರ್ಷದೊಳಗೆ ದೊಡ್ಡ ಭೂಕಂಪದಲ್ಲಿ ಇದು ಕುಸಿಯುವ ಸಾಧ್ಯತೆ ಶೇ 70 ಅಂದರು. 2016ರಲ್ಲಿ ಮುಚ್ಚಿ, ಒಡೆದರು. ಕೆಳಗೆ 101ನೇ ಹೆದ್ದಾರಿ ಇತ್ತು. ಅದರ ಮೇಲಿನ ಭಾಗ ಬೀಳಿಸುವುದಕ್ಕೆ ಫೆಬ್ರವರಿಯ ಒಂದು ವಾರಾಂತ್ಯ ಹೆದ್ದಾರಿಯನ್ನೇ 40 ಗಂಟೆ ಬಂದ್ ಮಾಡಿದರು. ಡಾಂಬರಿನ ಮೇಲೆ ದಪ್ಪಗೆ ಮಣ್ಣು ಹರಡಿ, ಅದರ ಮೇಲೆ ಚೂರುಗಳು ಬೀಳುವ ಹಾಗೆ ಮಾಡಿ, ಆಮೇಲೆ ಎಲ್ಲ ಬಾಚಿ ತೆಗೆದರು. ಒಡೆಯುವುದಕ್ಕೂ ವಿನ್ಯಾಸ ಬೇಕು ಅನ್ನುವುದನ್ನು ಮಾತ್ರ ನೆನಪಿಡಿ. ಕಟ್ಟುವಾಗಿನ ಕ್ರಮವನ್ನು ಹಿಂದುಮುಂದಾಗಿ ಮಾಡುವಷ್ಟು ಸುಲಭದ ಕೆಲಸ ಅಲ್ಲ ಅದು. ಸಾಲು ಕಮಾನುಗಳಿದ್ದರೆ ಒಂದಕ್ಕೊಂದು ಆತುಕೊಂಡಿರುತ್ತವೆ. ಒಂದನ್ನು ಸುಮ್ನೆ ತೆಗೆದರೆ ಪಕ್ಕದ್ದರ ಒದೆತ ತಡೆಯುವವರಿಲ್ಲ, ಅದೂ ಬೀಳುತ್ತದೆ.

ಹೊಸದಕ್ಕೆ 2012ರಲ್ಲೇ ಸ್ಪರ್ಧೆ ನಡೆದಿತ್ತು. ಎಚ್‌ಎನ್‌ಟಿಬಿ ಎಂಬ ಎಂಜಿನಿಯರಿಂಗ್ ಸಂಸ್ಥೆ, ವಾಸ್ತುಶಿಲ್ಪಿ ಮೈಕಲ್ ಮಾಲ್ಟ್‌ಜನ್ ಅವರ ತಂಡ ಗೆದ್ದಿತು. ಹಳೆಯದರಲ್ಲಿ ಕಮಾನು ಇದ್ದದ್ದು ನದಿಯ ಮೇಲೆ ಮಾತ್ರ. ಹೊಸದರಲ್ಲಿ 10 ಜೋಡಿ ಕಮಾನು, ಸೇತುವೆಯ ಉದ್ದಕ್ಕೂ ಅಲೆಯಂತೆ. ಎತ್ತರ 30 ಅಡಿಯಿಂದ 60 ಅಡಿ ತನಕ ಬದಲಾಗುತ್ತದೆ. ಎಲ್ಲವೂ 9 ಡಿಗ್ರಿ ಹೊರಕ್ಕೆ ವಾಲಿವೆ. ತಲೆಯ ಮೇಲೆ ಎರಡನ್ನೂ ಸೇರಿಸುವ ಅಡ್ಡಪಟ್ಟಿ ಇಲ್ಲ, ಆಕಾಶ ತೆರೆದಿದೆ. ಚೆಂದ, ಒಪ್ಪುತ್ತೇನೆ. ಆದರೆ ಅಡ್ಡಪಟ್ಟಿ ಇಲ್ಲ ಅಂದರೆ ಪಕ್ಕಕ್ಕೆ ಮಡಚಿಕೊಳ್ಳದ ಹಾಗೆ ಪ್ರತಿ ಕಮಾನೂ ತನ್ನ ದಪ್ಪದಿಂದಲೇ ನಿಲ್ಲಬೇಕು. ದಪ್ಪ ಅಂದರೆ ತೂಕ, ತೂಕ ಅಂದರೆ ಭೂಕಂಪದಲ್ಲಿ ಅದರ ಮೇಲೆ ಬೀಳುವ ಬಲವೂ ಜಾಸ್ತಿ.

ಇಲ್ಲಿ ಒಂದು ಜಾಣತನ ಇದೆ, ನನಗೆ ಇಡೀ ಸೇತುವೆಯಲ್ಲಿ ಅತಿ ಇಷ್ಟವಾದ ಭಾಗ ಅದು. ಕಮಾನಿನ ಒದೆತ ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಗೆ ಹಳೆಯ ಉತ್ತರ ದಡದ ಬಂಡೆ. ಇನ್ನೊಂದು ಉತ್ತರ, ಎರಡೂ ಕಾಲನ್ನು ಕೆಳಗಡೆ ಒಂದು ಟೈ ಹಾಕಿ ಕಟ್ಟಿಬಿಡುವುದು. ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಬಿಲ್ಲು ಬಿಚ್ಚಿಕೊಳ್ಳಬೇಕು ಅನ್ನುತ್ತದೆ, ಹೆದೆ ಬಿಡುವುದಿಲ್ಲ. ಆ 625 ಟನ್ ಒಳಗೊಳಗೇ ತೀರಿಹೋಗುತ್ತದೆ. ಕಂಬಕ್ಕೆ ಇಳಿಯುವುದು ಬರೀ ನೇರ ಭಾರ.

ಕಂಬಕ್ಕೆ ನೇರ ಭಾರ ಮಾತ್ರ ಇಳಿಯುತ್ತದೆ ಅಂದಮೇಲೆ, ನಡುವೆ ಜಾರುವ ಬೇರಿಂಗ್ ಇಡಬಹುದು. ಒದೆಯುವ ಕಮಾನನ್ನು ಜಾರುವ ವಸ್ತುವಿನ ಮೇಲೆ ಇಟ್ಟರೆ ಏನಾಗುತ್ತದೆ ಹೇಳಿ? ಕಾಲು ಅಗಲಿಸಿ ಕುಸಿಯುತ್ತದೆ. ಟೈ ಇರುವ ಕಮಾನಿಗೆ ಆ ಭಯ ಇಲ್ಲ. ಹಾಗಾಗಿ ಲಾಸ್ ಏಂಜಲೀಸಿನಲ್ಲಿ ಟ್ರಿಪಲ್ ಫ್ರಿಕ್ಷನ್ ಪೆಂಡ್ಯುಲಂ ಅನ್ನುವ ಬೇರಿಂಗ್‌ಗಳನ್ನು ಕೂರಿಸಿದರು. ಉಕ್ಕಿನ ಬೋಗುಣಿಯಂಥ ತಗ್ಗುಗಳು, ನಡುವೆ ಜಾರುವ ತುಂಡು. ನೆಲ ಅಲುಗಿದಾಗ ಸೇತುವೆ ಸುಮಾರು 30 ಇಂಚಿನವರೆಗೆ ಅತ್ತಿತ್ತ ಜಾರಬಹುದು. ತಗ್ಗಿನ ಅಂಚು ಹತ್ತಿದ ತುಂಡು ತನ್ನ ತೂಕಕ್ಕೇ ಮತ್ತೆ ನಡುವಿಗೆ ಬಂದು ಕೂರುತ್ತದೆ. ಒದೆತವನ್ನು ಕಟ್ಟಿಹಾಕಿದ್ದರಿಂದಲೇ ಅಲುಗುವ ಸ್ವಾತಂತ್ರ್ಯ ಸಿಕ್ಕಿತು.

ಅದಿರಲಿ, 2016ರಿಂದ 2022ರ ತನಕ ಜನ ಎಲ್ಲಿ ಓಡಾಡಿದರು? ಅಕ್ಕಪಕ್ಕ ಫೋರ್ತ್ ಸ್ಟ್ರೀಟ್, ಸೆವೆಂತ್ ಸ್ಟ್ರೀಟ್ ಸೇತುವೆಗಳಿದ್ದವು. ಊರು ಸುತ್ತು ಹಾಕಿಕೊಂಡು ಗೊಣಗುತ್ತಾ ಆರು ವರ್ಷ ಕಾಯಿತು. ಖರ್ಚು 58.8 ಕೋಟಿ ಡಾಲರ್. ಹಳೆಯದು ಅಪಾಯಕಾರಿ ಆಗಿದ್ದರಿಂದ ಮುಚ್ಚದೆ ಬೇರೆ ದಾರಿಯೂ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಸೇತುವೆ ಇರುವ ಊರಿಗೆ ಇದು ನಡೆಯುತ್ತದೆ.

ಪೋರ್ಟ್‌ಲ್ಯಾಂಡಿನ ಸೆಲ್‌ವುಡ್ ಸೇತುವೆಗೆ ಆ ಸೌಕರ್ಯ ಇರಲಿಲ್ಲ. 1925ರ ಸೇತುವೆ, ಎರಡೇ ಲೇನು, ಒಂದೇ ಪಕ್ಕಕ್ಕೆ ಇಕ್ಕಟ್ಟಾದ ಫುಟ್‌ಪಾತು. ದಿನಕ್ಕೆ ಸುಮಾರು 30,000 ವಾಹನ. ಕಟ್ಟುವಾಗಲೇ ದುಡ್ಡು ಉಳಿಸಲು 1894ರ ಬರ್ನ್‌ಸೈಡ್ ಸೇತುವೆಯ ಹಳೆ ಗರ್ಡರ್‌ಗಳನ್ನು ತಂದು ಹಾಕಿದ್ದರು. ಪಶ್ಚಿಮ ದಡದ ಗುಡ್ಡ ಬೇರೆ ನಿಧಾನವಾಗಿ ನದಿಯ ಕಡೆ ಜಾರುತ್ತಾ ಸೇತುವೆಯನ್ನು ತಳ್ಳುತ್ತಿತ್ತು. ಅಮೆರಿಕದಲ್ಲಿ ಸೇತುವೆಗಳಿಗೆ 100ಕ್ಕೆ ಇಷ್ಟು ಅಂತ ಅಂಕ ಕೊಡುವ ಪದ್ಧತಿ ಇತ್ತು. ಇದಕ್ಕೆ ಸಿಕ್ಕಿದ್ದು 2. ಇನ್ನೂರಕ್ಕಲ್ಲ, ನೂರಕ್ಕೇ. 2004ರಲ್ಲಿ 10 ಟನ್‌ಗಿಂತ ಭಾರದ ವಾಹನ ಬರಬಾರದು ಅಂದರು. ಬಸ್ಸುಗಳು ಅವತ್ತೇ ದಾರಿ ಬದಲಿಸಿದವು.

ಮೊದಲ ಯೋಜನೆ ಇದ್ದದ್ದು ಅರ್ಧ ಅಗಲ ಕಟ್ಟು, ಅದರ ಮೇಲೆ ಜನರನ್ನು ಬಿಡು, ಆಮೇಲೆ ಉಳಿದರ್ಧ ಕಟ್ಟು ಅಂತ. ತೊಲೆ ಸೇತುವೆಗೆ ಈ ದಾರಿ ಒಳ್ಳೆಯದೇ. ಆದರೆ ಕಮಾನನ್ನು ಹೀಗೆ ಉದ್ದುದ್ದ ಸೀಳಿ ಎರಡು ಕಂತಿನಲ್ಲಿ ಕಟ್ಟಿದರೆ ಎರಡೆರಡು ಸಲ ಆನಿಕೆ, ಎರಡೆರಡು ಸಲ ನದಿಗೆ ಇಳಿಯುವ ಕೆಲಸ. ಕೊನೆಗೆ ಬೇರೆಯೇ ಉಪಾಯ ಮಾಡಿದರು. ಹಳೆ ಸೇತುವೆಯನ್ನೇ ಪಕ್ಕಕ್ಕೆ ಸರಿಸಿಬಿಡೋಣ!

2013ರ ಜನವರಿ 19. ಹಳೆ ಸೇತುವೆಯ ಉಕ್ಕಿನ ಟ್ರಸ್ (ತ್ರಿಕೋನಗಳನ್ನು ಜೋಡಿಸಿದ ಚೌಕಟ್ಟು) 1,100 ಅಡಿ ಉದ್ದ, ಸುಮಾರು 3,400 ಟನ್ ತೂಕ, ಒಂದೇ ತುಂಡು. ಮೊದಲೇ ಪಕ್ಕದಲ್ಲಿ ತಾತ್ಕಾಲಿಕ ಕಂಬಗಳನ್ನು ಕಟ್ಟಿ ನಿಲ್ಲಿಸಿದ್ದರು. ಹಳೆ ಕಂಬದಿಂದ ಹೊಸ ಕಂಬಕ್ಕೆ ಜಾರುಹಳಿ. ಜ್ಯಾಕ್ ಹಾಕಿ ಟ್ರಸ್ಸನ್ನು ಸ್ವಲ್ಪ ಎತ್ತಿ, ಟೆಫ್ಲಾನ್ ಪ್ಯಾಡ್ ಮೇಲೆ ಕೂರಿಸಿ, ಜಾರಲಿ ಅಂತ ಸೋಪು ಸವರಿ, ಹೈಡ್ರಾಲಿಕ್ ಜ್ಯಾಕ್‌ಗಳಿಂದ ತಳ್ಳಿದರು. ಮಜಾ ಇರುವುದು ಎಲ್ಲಿ ಅಂದರೆ, ಅದು ಸೀದಾ ಪಕ್ಕಕ್ಕೆ ಹೋಗುವ ಹಾಗಿರಲಿಲ್ಲ. ಪಶ್ಚಿಮದ ತುದಿ 66 ಅಡಿ ಸರಿಯಬೇಕು, ಪೂರ್ವದ ತುದಿ 33 ಅಡಿ ಮಾತ್ರ. ಅಂದರೆ ಒಂದು ತುದಿ ಇನ್ನೊಂದರ ಎರಡರಷ್ಟು ವೇಗದಲ್ಲಿ ಹೋಗಬೇಕು, ನಡುವಿನ ಪ್ರತಿ ಕಂಬದ ಮೇಲೂ ಬೇರೆ ಬೇರೆ ವೇಗ. ಒಂದು ಕಡೆ ಸ್ವಲ್ಪ ಮುಂದೆ, ಇನ್ನೊಂದು ಕಡೆ ಸ್ವಲ್ಪ ಹಿಂದೆ ಆದರೆ 90 ವರ್ಷ ಹತ್ತಿರದ ಉಕ್ಕು ತಿರುಚಿಕೊಳ್ಳುತ್ತದೆ. ಅಳೆದು ತಳ್ಳಿ, ಮತ್ತೆ ಅಳೆದು ತಳ್ಳಿ, ಸುಮಾರು 14 ಗಂಟೆಯಲ್ಲಿ ಮುಗಿಸಿದರು. ಎರಡೂ ತುದಿಯ ರಸ್ತೆ ಜೋಡಿಸಿ ಕೆಲವೇ ದಿನದಲ್ಲಿ ವಾಹನ ಬಿಟ್ಟರು. 100ಕ್ಕೆ 2 ಅಂಕದ ಸೇತುವೆ ಮೂರು ವರ್ಷ ತಾತ್ಕಾಲಿಕ ಕಂಬದ ಮೇಲೆ ನಿಂತು ಊರಿನ ಭಾರ ಹೊತ್ತಿತು.

ಪಕ್ಕದಲ್ಲಿ ಹೊಸದು ಎದ್ದಿತು, ಮೂರು ಕಮಾನಿನ ಉಕ್ಕಿನ ಸೇತುವೆ. ಇಲ್ಲಿ ಕಮಾನು ರಸ್ತೆಯ ಕೆಳಗಿದೆ. ನದಿಯ ನಡುವಿನ ಕಂಬಗಳಲ್ಲಿ ಅಕ್ಕಪಕ್ಕದ ಕಮಾನುಗಳು ಎದುರುಬದುರಾಗಿ ತಳ್ಳುತ್ತವೆ, ಹಾಗಾಗಿ ಒದೆತದ ಬಹುಪಾಲು ಅಲ್ಲಲ್ಲೇ ಸರಿಹೋಗುತ್ತದೆ. ಜಾರುವ ಗುಡ್ಡವನ್ನು ಬೇರೆಯಾಗಿ ಆಂಕರ್ ಹಾಕಿ ಬಿಗಿಯಬೇಕಾಯಿತು. 2016ರ ಫೆಬ್ರವರಿ 29ರಂದು ಸಂಚಾರಕ್ಕೆ ತೆರೆದರು. ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ!

ಈಗ ಫೋರ್ಟ್ ವರ್ತ್. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದೇ ಉದಾಹರಣೆ ಕೊಡಿ ಅಂದರೆ ನಾನು ಇದನ್ನೇ ಕೊಡುತ್ತೇನೆ. ಟ್ರಿನಿಟಿ ನದಿಯ ಮೇಲೆ 1913ರ ಸೇತುವೆ, ವೆಸ್ಟ್ ಸೆವೆಂತ್ ಸ್ಟ್ರೀಟ್. ಅದೇ ಜಾಗದಲ್ಲಿ ಹೊಸದು ಬೇಕು, ರಸ್ತೆ ತುಂಬ ದಿನ ಮುಚ್ಚಬಾರದು. ಟೆಕ್ಸಾಸ್ ಸಾರಿಗೆ ಇಲಾಖೆಯ ಎಂಜಿನಿಯರ್‌ಗಳು ಯೋಚನೆಯನ್ನೇ ತಿರುಗಿಸಿದರು. ಅರ್ಧ ಕಮಾನು ನಿಲ್ಲುವುದಿಲ್ಲ ತಾನೆ? ಹಾಗಾದರೆ ಸೇತುವೆಯ ಜಾಗದಲ್ಲಿ ಅರ್ಧ ಕಮಾನು ಇರುವ ಪ್ರಸಂಗವೇ ಬರದಿರಲಿ. ಬೇರೆ ಕಡೆ ಪೂರ್ತಿ ಮಾಡಿ, ಇಡಿಯಾಗಿ ತಂದು ಇಡೋಣ.

ಒಟ್ಟು 12 ಕಮಾನು, ಆರು ಜೋಡಿ. ಒಂದೊಂದೂ 163.5 ಅಡಿ ಉದ್ದ, ಸುಮಾರು 300 ಟನ್ ತೂಕ, ಟೈ ಸಮೇತ. ಹತ್ತಿರದ ಬಯಲಲ್ಲಿ ಎರಕ ಹೊಯ್ದರು, ಅದೂ ಮಲಗಿಸಿ. ನಿಲ್ಲಿಸಿ ಹೊಯ್ದರೆ ಎತ್ತರದ ಶಟರಿಂಗ್ ಬೇಕು, ಕಾಂಕ್ರೀಟು ಮೇಲಿಂದ ಇಳಿಜಾರಿನಲ್ಲಿ ಹರಿದು ಮೂಲೆಯಲ್ಲಿ ಗಾಳಿ ಉಳಿಯುತ್ತದೆ. ಮಲಗಿಸಿದರೆ ಚಪ್ಪಡಿ ಹಾಕಿದಷ್ಟೇ ಸಲೀಸು. ಆದರೆ ಆಮೇಲೆ ಅದನ್ನು ಎಬ್ಬಿಸಬೇಕಲ್ಲ! ಮಲಗಿರುವ ಕಮಾನಿಗೆ ಕಮಾನಿನ ಬಲ ಇಲ್ಲ, ಅದು ಬರೀ ಬಾಗಿದ ತೆಳು ಕಾಂಕ್ರೀಟು. ಎಬ್ಬಿಸುವಾಗ ಪ್ರತಿ ಡಿಗ್ರಿಯಲ್ಲೂ ಒಳಗಿನ ಬಲಗಳು ಬದಲಾಗುತ್ತವೆ. ಅದಕ್ಕೇ ಎರಕದೊಳಗೇ ವೈಬ್ರೇಟಿಂಗ್ ವೈರ್ ಗೇಜ್‌ಗಳನ್ನು, ಅಂದರೆ ಕಾಂಕ್ರೀಟು ಎಷ್ಟು ಹಿಗ್ಗಿತು, ಕುಗ್ಗಿತು ಅಂತ ಅಳೆಯುವ ಸಾಧನಗಳನ್ನು, ಹೂತಿಟ್ಟಿದ್ದರು. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದವರು ಎಬ್ಬಿಸುವಾಗ, ಸಾಗಿಸುವಾಗ, ಕೇಬಲ್ ಬಿಗಿಯುವಾಗ ಅವುಗಳನ್ನು ಓದುತ್ತಾ ನಿಂತಿದ್ದರು. ಹೆಚ್ಚು ಎಳೆತ ಬಂದರೆ ಕಾಂಕ್ರೀಟು ಸೀಳುತ್ತದೆ. ಆ ಸೀಳು ಕಣ್ಣಿಗೆ ಕಾಣುವ ಮೊದಲು ಗೇಜ್ ಹೇಳುತ್ತದೆ.

ಟೈಯ ಕತೆ ಇನ್ನೂ ನಾಜೂಕು. ಟೈ ಒಳಗೆ ಉಕ್ಕಿನ ಎಳೆಗಳನ್ನು ಹಾಕಿ ಜ್ಯಾಕ್‌ನಿಂದ ಎಳೆದು ಬಿಗಿಯುತ್ತಾರೆ, ಮುಂದೆ ಬರುವ ಒದೆತಕ್ಕೆ ಮುಂಗಡವಾಗಿ. ಎಲ್ಲವನ್ನೂ ಮೊದಲ ದಿನವೇ ಬಿಗಿದರೆ? ಡೆಕ್, ಅಂದರೆ ವಾಹನ ಓಡುವ ಹಾಸು, ಇನ್ನೂ ಬಂದಿಲ್ಲ, ಒದೆತ ಇನ್ನೂ ಹುಟ್ಟಿಲ್ಲ, ಬಿಗಿತ ಮಾತ್ರ ಇದೆ. ಇಲ್ಲದ ಶತ್ರುವಿನ ಮೇಲೆ ಏರಿಹೋದರೆ ಕಮಾನೇ ಕೆಡುತ್ತದೆ. ಹಾಗಾಗಿ ಸ್ವಲ್ಪ ಬಿಗಿ, ಸ್ವಲ್ಪ ಭಾರ ಹಾಕು, ಮತ್ತೆ ಬಿಗಿ. ಬದಲಿ ಸೇತುವೆಯ ನಕ್ಷೆಗಳಲ್ಲಿ ಹಲವು ಹಾಳೆ ಈ ಕ್ರಮದ ಬಗ್ಗೆಯೇ ಇರುತ್ತವೆ.

ಆಮೇಲಿನದ್ದು ನೋಡುವುದಕ್ಕೆ ಮ್ಯಾಜಿಕ್. ಹಳೆ ಸೇತುವೆಯ ಎರಡೂ ಅಂಚಿನ ಹೊರಗೆ ಹೊಸ ಕಂಬಗಳು ಎದ್ದವು. ಕಮಾನುಗಳನ್ನು ಒಂದೊಂದಾಗಿ ತಂದು ಆ ಕಂಬಗಳ ಮೇಲೆ ಕೂರಿಸಿದರು. ನಡುವೆ ಹಳೆ ಸೇತುವೆಯ ಮೇಲೆ ಜನ ಓಡಾಡುತ್ತಲೇ ಇದ್ದರು. ಎಲ್ಲ ಕಮಾನು ಸಿದ್ಧವಾದ ಮೇಲಷ್ಟೇ ರಸ್ತೆ ಮುಚ್ಚಿ, ಹಳೆಯದನ್ನು ಒಡೆದು ತೆಗೆದು, ಕಮಾನುಗಳ ನಡುವೆ ಅಡ್ಡತೊಲೆಗಳನ್ನು ತೂಗುಹಾಕಿ ಡೆಕ್ ಹಾಸಿದರು. 2013ರಲ್ಲೇ ಮುಚ್ಚಿ 2013ರಲ್ಲೇ ತೆರೆದರು.

ಫೋರ್ಟ್ ವರ್ತ್‌ನದ್ದೂ ಲಾಸ್ ಏಂಜಲೀಸಿನದ್ದೂ ನೆಟ್‌ವರ್ಕ್ ಆರ್ಚ್ ಜಾತಿಯವು. ಕಮಾನಿನಿಂದ ಡೆಕ್‌ಗೆ ಇಳಿಯುವ ಹ್ಯಾಂಗರ್‌ಗಳು ನೇರ ಇಲ್ಲದೆ ಓರೆಯಾಗಿ, ಒಂದನ್ನೊಂದು ಹಲವು ಸಲ ದಾಟುತ್ತವೆ. ನಾರ್ವೆಯ ಪೆರ್ ಟ್ವೈಟ್ ಅನ್ನುವವರ ಯೋಚನೆ ಇದು. ಮೊದಲನೆಯದು 1963ರಲ್ಲಿ ಸ್ಟೈನ್‌ಶೆರ್ ಎಂಬಲ್ಲಿ ಆಯಿತು. ಲಾಭ ಏನು? ನೇರ ಹ್ಯಾಂಗರ್ ಇದ್ದಾಗ ಸೇತುವೆಯ ಒಂದರ್ಧ ಭಾಗದ ಮೇಲೆ ಮಾತ್ರ ಲಾರಿಗಳು ನಿಂತರೆ ಕಮಾನು ಆ ಕಡೆ ತಗ್ಗಿ ಈ ಕಡೆ ಉಬ್ಬುತ್ತದೆ. ಓರೆ ಹ್ಯಾಂಗರ್‌ಗಳು ಅದಕ್ಕೆ ಬಿಡುವುದಿಲ್ಲ. ಹಾಗಾಗಿ ಕಮಾನೂ ಟೈಯೂ ತೆಳ್ಳಗಾಗುತ್ತವೆ. ಇಕ್ಕಟ್ಟಿನ ಊರಿನಲ್ಲಿ ತೆಳು ಡೆಕ್ ಅಂದರೆ ಬಂಗಾರ. ಕೆಳಗಿನ ರೈಲಿಗೆ ಎತ್ತರ ಸಿಗುತ್ತದೆ, ಮೇಲಿನ ರಸ್ತೆ ಏರುವುದು ತಪ್ಪುತ್ತದೆ.

ಇಷ್ಟು ಹೊಗಳಿದ ಮೇಲೆ ಟೈಯ ಬಗ್ಗೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಟೈ ಹೋದರೆ ಎಲ್ಲ ಹೋಯಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ಕೆಲವು ಉಕ್ಕಿನ ಟೈ ಗರ್ಡರ್‌ಗಳಲ್ಲಿ ಬಿರುಕು ಕಂಡು ಎಂಜಿನಿಯರ್‌ಗಳು ನಿದ್ದೆಗೆಟ್ಟಿದ್ದರು. ಹ್ಯಾಂಗರ್‌ಗಳೂ ಹಾಗೆಯೇ. 2019ರ ಅಕ್ಟೋಬರ್ 1ರಂದು ತೈವಾನಿನ ನಾನ್‌ಫಾಂಗ್‌ಆವ್ ಸೇತುವೆ ಕುಸಿದು ಆರು ಜನ ಸತ್ತರು. 1998ರ ಸೇತುವೆ, 140 ಮೀಟರಿನ ಒಂಟಿ ಕಮಾನು. ಕೇಬಲ್‌ಗಳ ಕೆಳತುದಿ ಡೆಕ್ ಒಳಗೆ ಹುದುಗಿತ್ತು. ಅಲ್ಲಿ ನೀರು ಇಳಿದು ತುಕ್ಕು ತಿಂದಿತ್ತು, ಹೊರಗಿಂದ ಕಾಣುತ್ತಿರಲಿಲ್ಲ. ಹಾಗಾಗಿ ಯಾವುದೇ ಹೊಸ ಕಮಾನಿನ ನಕ್ಷೆ ಕೈಗೆ ಬಂದರೆ ನಾನು ಮೊದಲು ನೋಡುವುದು ಹ್ಯಾಂಗರಿನ ಕೆಳತುದಿ. ಅಲ್ಲಿಗೆ ಮನುಷ್ಯನ ಕಣ್ಣು ಹೋಗುತ್ತದಾ? ಕೈ ಹೋಗುತ್ತದಾ? ಒಂದನ್ನು ಬಿಚ್ಚಿ ಬದಲಿಸುವಾಗ ಉಳಿದವು ಭಾರ ಹೊರುತ್ತವಾ? ಕಮಾನಿನ ವಾಲು, ಬಣ್ಣ, ದೀಪ ಎಲ್ಲ ಆಮೇಲೆ.

ಸಭೆಯಿಂದ ಕೆಲವು ಪ್ರಶ್ನೆ ಬಂದವು. ಎರಡನ್ನು ಮಾತ್ರ ಇಲ್ಲಿ ಕೊಡುತ್ತೇನೆ.

ಲಾಸ್ ಏಂಜಲೀಸಿನಷ್ಟು ದುಡ್ಡು ಸುರಿದು ಚೆಂದದ ಸೇತುವೆ ಕಟ್ಟಬೇಕಿತ್ತಾ ಅಂತ ಒಬ್ಬರು ಕೇಳಿದರು. ಚೆಂದ ದುಬಾರಿ ಅನ್ನುವುದು ನಿಜ. 20 ಕಮಾನುಗಳಲ್ಲಿ ಎತ್ತರ ಬೇರೆ ಬೇರೆ ಅಂದರೆ ಶಟರಿಂಗ್ ಮತ್ತೆ ಬಳಸುವುದು ಕಷ್ಟ. ಫೋರ್ಟ್ ವರ್ತ್‌ನಲ್ಲಿ 12 ಕಮಾನೂ ಒಂದೇ ಅಚ್ಚು, ಉಳಿತಾಯ ಅಲ್ಲೇ ಆಯಿತು. ಆದರೆ ಹಳೆ ಸಿಕ್ಸ್ತ್ ಸ್ಟ್ರೀಟ್ ಸೇತುವೆ ಆ ಊರಿನ ಗುರುತಾಗಿತ್ತು. ಅಂಥದ್ದನ್ನು ತೆಗೆದು ಚಪ್ಪಟೆ ಮೇಲ್ಸೇತುವೆ ಹಾಕಿದ್ದರೆ ಜನ ಒಪ್ಪುತ್ತಿರಲಿಲ್ಲ. ಚೆಂದದ ಇನ್ನೊಂದು ತಲೆನೋವು ತೆರೆದ ತಿಂಗಳೇ ಶುರುವಾಯಿತು. ಜನ ಕಮಾನು ಹತ್ತತೊಡಗಿದರು, ರಾತ್ರಿ ಕಾರಿನ ಆಟ, ಪೊಲೀಸರು ಸೇತುವೆಯನ್ನೇ ಮುಚ್ಚಬೇಕಾಯಿತು. ಆಮೇಲೆ ಕಳ್ಳರು ದೀಪದ ತಾಮ್ರದ ತಂತಿ ಎಳೆದುಕೊಂಡು ಹೋದರು, ಹೊಸ ಸೇತುವೆ ಕತ್ತಲಾಯಿತು. ಡೆಕ್‌ನಿಂದ ಸಲೀಸಾಗಿ ಮೇಲೇರುವ ಅಗಲ ಕಮಾನು ಇಟ್ಟರೆ ಹುಡುಗರು ಹತ್ತದೆ ಬಿಡುತ್ತಾರಾ?

ಹಳೆ ಸೇತುವೆ ತೆಗೆದರೆ ನದಿಗೆ ಏನಾದರೂ ಆಗುತ್ತದಾ ಅನ್ನುವುದು ಎರಡನೆಯದು. ಒಳ್ಳೆಯ ಪ್ರಶ್ನೆ, ಲಂಡನ್ನಿನವರು ಇದಕ್ಕೆ ದೊಡ್ಡ ಬೆಲೆ ತೆತ್ತಿದ್ದಾರೆ. ಥೇಮ್ಸ್ ನದಿಯ ಹಳೆಯ ಲಂಡನ್ ಬ್ರಿಡ್ಜ್ ಕಮಾನುಗಳು ಸಣ್ಣವು, ಕಂಬಗಳು ದಪ್ಪ. ಸುಮಾರು ಅಣೆಕಟ್ಟಿನ ಹಾಗೇ ನೀರನ್ನು ತಡೆಯುತ್ತಿದ್ದವು. 1831ರಲ್ಲಿ ಅಗಲ ಕಮಾನುಗಳ ಬದಲಿ ಸೇತುವೆ ಬಂತು, ಹಳೆಯದನ್ನು ತೆಗೆದರು. ನದಿಯ ಓಟ ಜೋರಾಯಿತು. ನದಿ ಹರಿದು ಬರುವ ಮೇಲ್ಗಡೆ 1817ರ ವಾಟರ್‌ಲೂ ಸೇತುವೆ ಇತ್ತು, ಗ್ರಾನೈಟಿನ ಒಂಬತ್ತು ಕಮಾನು. ಅದರ ಕಂಬಗಳ ಬುಡದ ಮಣ್ಣನ್ನು ನೀರು ಕೊರೆಯತೊಡಗಿತು. 1880ರ ದಶಕಕ್ಕೆ ಗೊತ್ತಾಯಿತು, 1920ರ ದಶಕದಲ್ಲಿ ಒಂದು ಕಂಬ ಕುಸಿಯತೊಡಗಿ ಸಂಚಾರ ನಿಲ್ಲಿಸಬೇಕಾಯಿತು, 1930ರ ದಶಕದಲ್ಲಿ ಸೇತುವೆಯನ್ನೇ ಒಡೆದರು. ಒಂದು ಸೇತುವೆ ಬದಲಿಸಿದ್ದಕ್ಕೆ ಇನ್ನೊಂದನ್ನೂ ಬದಲಿಸಬೇಕಾಯಿತು.

ಎರಡನೇ ಮಹಾಯುದ್ಧದ ನಡುವೆ, ಬಹಳಷ್ಟು ಹೆಣ್ಣುಮಕ್ಕಳ ದುಡಿಮೆಯಿಂದ ಎದ್ದ ಹೊಸ ವಾಟರ್‌ಲೂ ಸೇತುವೆ 1945ರಲ್ಲಿ ಪೂರ್ತಿಯಾಯಿತು. ದೂರದಿಂದ ನೋಡಿ, ಐದು ಚಪ್ಪಟೆ ಕಮಾನು ಕಾಣುತ್ತವೆ. ಅಸಲಿಗೆ ಅಲ್ಲಿ ಕಮಾನೇ ಇಲ್ಲ! ಕಾಂಕ್ರೀಟಿನ ಪೆಟ್ಟಿಗೆ ತೊಲೆಗಳನ್ನು ಕೆಳಗಡೆ ಬಾಗಿಸಿ, ಕಲ್ಲು ಹೊದಿಸಿದ್ದಾರೆ. ತೊಲೆ ಕಂಬವನ್ನು ಹೊರಕ್ಕೆ ಒದೆಯುವುದಿಲ್ಲ, ಒಂದು ಕಂಬ ಕುಸಿದರೆ ಪಕ್ಕದ ಕಮಾನುಗಳನ್ನು ಎಳೆದುಕೊಂಡು ಹೋಗುವ ಭಯವೂ ಇಲ್ಲ. ಆ ನೆಲವನ್ನು ನಂಬದ ಎಂಜಿನಿಯರ್‌ಗಳು ಇನ್ನೂ ಒಂದು ಕೆಲಸ ಮಾಡಿದರು. ಮುಂದೆ ಯಾವ ಕಂಬವಾದರೂ ಕುಸಿದರೆ ಸೇತುವೆಯನ್ನು ಎತ್ತಿ ಮಟ್ಟ ಮಾಡಲಿ ಅಂತ, ಜ್ಯಾಕ್‌ಗಳ ವ್ಯವಸ್ಥೆಯನ್ನು ಕಟ್ಟುವಾಗಲೇ ಅದರೊಳಗೆ ಇಟ್ಟರು.